ಇಂಜಿನ್ ಆಯಿಲಿನಲ್ಲಿ ಉಳಿದ ಬ್ಯಾಕ್ಟೀರಿಯಾ

ನಮಸ್ಕಾರ. ಗ್ಯಾರೇಜಿನಲ್ಲಿ ಬೈಕಿನ ಹಳೇ ಆಯಿಲ್ ಬಸಿಯುವುದನ್ನು ನೋಡಿರುತ್ತೀರಿ ಅಲ್ವಾ? ಮೆಕ್ಯಾನಿಕ್ ಹುಡುಗನ ಬೆರಳಿಗೆ ಮೆತ್ತಿಕೊಳ್ಳುತ್ತದಲ್ಲ, ಆ ಜಿಡ್ಡಿನಲ್ಲಿ ಕೋಟಿಗಟ್ಟಲೆ ವರ್ಷದ ಹಿಂದಿನ ಬ್ಯಾಕ್ಟೀರಿಯಾಗಳ ಪಳೆಯುಳಿಕೆ ಇದೆ. ಮೂಳೆಯಲ್ಲ, ಚಿಪ್ಪಲ್ಲ, ಬರೀ ಅಣು. ಹೆಸರು ಹೋಪೇನ್.

ಹೆಸರು ಬಂದದ್ದು ಮಾತ್ರ ಮರದಿಂದ. ದಕ್ಷಿಣ ಕನ್ನಡದ ಕಡೆ ಕಿರಾಲ್‌ಬೋಗಿ ಅನ್ನುತ್ತಾರಲ್ಲ, ಅದು ಹೋಪಿಯ ಎಂಬ ಕುಲದ ಮರ. ಅದೇ ಕುಲದ ಹೆಸರನ್ನು ಈ ಅಣುವಿಗೂ ಇಟ್ಟರು, ಯಾಕೆಂದರೆ ಇಂಥದ್ದು ಮೊದಲು ಸಿಕ್ಕಿದ್ದು ಮರದ ರಾಳದಲ್ಲಿ.

ಆಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ರಸಾಯನ ವಿಜ್ಞಾನಿಗಳಾದ ಗೀ ಊರಿಸೋಂ ಮತ್ತು ಪಿಯೆರ್ ಆಲ್ಬ್ರೆಕ್ಟ್ ಅವರಿಗೆ ಕೆಸರುಗಲ್ಲು, ಇಂಜಿನ್ ಆಯಿಲಿನ ಮೂಲವಾದ ಕಚ್ಚಾ ತೈಲ, ಎಲ್ಲಿ ನೋಡಿದರೂ ಹೋಪೇನ್ ಸಿಗತೊಡಗಿತು. ಮರದ್ದೇ ಆಗಿದ್ದರೆ ಅಣುವಿನಲ್ಲಿ 30 ಕಾರ್ಬನ್ ಪರಮಾಣು ಇರಬೇಕಿತ್ತು. ಇವರಿಗೆ ಸಿಕ್ಕಿದ್ದರಲ್ಲಿ 35ರವರೆಗೂ ಇತ್ತು. ಆ ಐದು ಜಾಸ್ತಿ ಎಲ್ಲಿಂದ ಬಂತು? ಅಂಥ ಅಣು ಮಾಡುವ ಜೀವಿ ಒಂದೂ ಆಗ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು 1973ರಲ್ಲಿ, ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ. 1976ರಲ್ಲಿ ಮಿಷೆಲ್ ರೋಮರ್ ಮತ್ತು ಊರಿಸೋಂ ಆ ಅಣುವಿನ ರಚನೆಯನ್ನೂ ಬಿಡಿಸಿಟ್ಟರು. ಪಳೆಯುಳಿಕೆ ಮೊದಲು ಸಿಕ್ಕಿತು, ಜೀವಿ ಆಮೇಲೆ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟರಾಲ್ ಹೇಗೋ, ಹಲವು ಬ್ಯಾಕ್ಟೀರಿಯಾಗಳಿಗೆ ಈ ಅಣು ಹಾಗೆ. ಜೀವಿ ಸತ್ತಮೇಲೆ ಅಣುವಿನ ಬಾಲ ಸವೆದುಹೋಗುತ್ತದೆ, ಐದು ಉಂಗುರದ ಚೌಕಟ್ಟು ಗಟ್ಟಿಯಾಗಿ ಉಳಿಯುತ್ತದೆ.

ಗುರುತಿಸುವುದು ಹೇಗೆ? ಎಣ್ಣೆಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಡೆಯುತ್ತಾರೆ. ಹೋಪೇನ್ ಒಡೆದರೆ 191 ಅಣುತೂಕದ ಚೂರು ಬರುತ್ತದೆ. ಆ ಒಂದು ಚೂರನ್ನೇ ಹಿಡಿದು ಗ್ರಾಫ್ ಬಿಡಿಸಿದರೆ ಸಾಲಾಗಿ ಶಿಖರಗಳು ಏಳುತ್ತವೆ, 31 ಕಾರ್ಬನ್‌ನಿಂದ ಮುಂದೆ ಅವು ಅವಳಿ ಅವಳಿಯಾಗಿ ನಿಂತಿರುತ್ತವೆ. ಎಡಗೈ, ಬಲಗೈ ಇದ್ದಂತೆ ಒಂದೇ ಅಣುವಿನ ಎರಡು ರೂಪ. ಬ್ಯಾಕ್ಟೀರಿಯಾ ಮಾಡುವುದು ಒಂದೇ ರೂಪ. ನೆಲದಾಳದ ಕಾವಿಗೆ ಅದು ಮೆಲ್ಲಗೆ ಇನ್ನೊಂದಕ್ಕೆ ತಿರುಗುತ್ತಾ, ಕೊನೆಗೆ ಹೊಸ ರೂಪ ನೂರಕ್ಕೆ ಸುಮಾರು 60ರಷ್ಟಾದಾಗ ನಿಲ್ಲುತ್ತದೆ. ಹಾಗಾಗಿ ಅವಳಿಗಳ ಎತ್ತರ ನೋಡಿದರೆ ಕಲ್ಲು ಎಷ್ಟು ಬೆಂದಿದೆ ಅಂತ ತಿಳಿಯುತ್ತದೆ.

ಆದರೆ ಎಣ್ಣೆ ಎಲ್ಲೆಡೆ ಇದೆಯಲ್ಲ, ಕೊರೆಯುವ ಯಂತ್ರದಲ್ಲೂ ಇದೆ. 1999ರಲ್ಲಿ ಆಸ್ಟ್ರೇಲಿಯಾದ ಪಿಲ್ಬರಾದ 270 ಕೋಟಿ ವರ್ಷದ ಕಲ್ಲಿನಲ್ಲಿ ಹೋಪೇನ್ ಸಿಕ್ಕಿತೆಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಅಲ್ಲೇ ಹೊಸದಾಗಿ, ಒಂದು ಹನಿ ಹೊರಗಿನ ಎಣ್ಣೆಯೂ ತಾಗದಂತೆ ಕೊರೆದು ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಕಲ್ಲಿನಲ್ಲಿ ಅದರ ಸುಳಿವೇ ಇಲ್ಲ. ಮೊದಲು ಕಂಡದ್ದು ಹೊರಗಿನಿಂದ ಅಂಟಿದ್ದು.

ಉತ್ತರ ಆಸ್ಟ್ರೇಲಿಯಾದ ಬಾರ್ನಿ ಕ್ರೀಕ್ ಕಲ್ಲಿನದು ಮಾತ್ರ ಗಟ್ಟಿಯಾಗಿ ನಿಂತಿದೆ, ಅದಕ್ಕೆ 164 ಕೋಟಿ ವರ್ಷ. ಅಲ್ಲಿ ಹೋಪೇನ್ ಜೊತೆಗೆ ನೇರಳೆ ಗಂಧಕ ಬ್ಯಾಕ್ಟೀರಿಯಾದ ಬಣ್ಣದ ಅವಶೇಷವೂ ಸಿಕ್ಕಿದೆ. ಈ ಬ್ಯಾಕ್ಟೀರಿಯಾಕ್ಕೆ ಬಿಸಿಲೂ ಬೇಕು, ಹೈಡ್ರೋಜನ್ ಸಲ್ಫೈಡೂ ಬೇಕು. ಅಂದರೆ ಆ ಸಮುದ್ರದಲ್ಲಿ, ಬಿಸಿಲು ತಲುಪುವ ಆಳದಲ್ಲೇ, ಆ ಅನಿಲದಿಂದ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು.