ಮೊದಲು ಹಣ, ಆಮೇಲೆ ಹಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ಸಿಗುವ ಪ್ರಶಸ್ತಿಗಳು, ಅನುದಾನಗಳು ಇವುಗಳ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದಾರೆ. ಕೂತು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಬ್ಬಳು ಯುವ ವೈದ್ಯೆ. ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿದ್ದಾಳೆ. ಎರಡು ಮಕ್ಕಳಿಗೆ ಒಂದೇ ಕಾಯಿಲೆ, ಒಂದೇ ಔಷಧ, ಒಂದು ಮಗು ಚೇತರಿಸಿಕೊಂಡಿತು, ಇನ್ನೊಂದು ಚೇತರಿಸಿಕೊಳ್ಳಲಿಲ್ಲ. ಯಾಕೆ ಹೀಗಾಯಿತು ಎಂಬ ಪ್ರಶ್ನೆ ಅವಳನ್ನು ಮಲಗಲು ಬಿಡುತ್ತಿಲ್ಲ. ನಾನು ಈಗ ಮಾತನಾಡುತ್ತಿರುವುದು ಅವಳ ಜೊತೆ. ಉಳಿದವರೂ ದಯವಿಟ್ಟು ಕೇಳಿ. ನಿಮ್ಮ ಮನೆಯ ಮಗುವಿನ ವಿಚಾರವೂ ಇದರಲ್ಲಿದೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಮೊದಲು ಹಣ, ಆಮೇಲೆ ಹಾರ.

ಪ್ರಶಸ್ತಿ ಎಂದರೆ ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಗೌರವ. ಅನುದಾನ ಎಂದರೆ ಇನ್ನೂ ಆಗದ ಕೆಲಸದ ಮೇಲೆ ಇಡುವ ನಂಬಿಕೆ. ಪತ್ರಿಕೆಯಲ್ಲಿ ಫೋಟೊ ಬರುವುದು ಪ್ರಶಸ್ತಿಗೆ. ಮಗು ಬದುಕುವುದು ಅನುದಾನದಿಂದ. ಕೆರೆ ತುಂಬಿದ ಮೇಲೆ ಶಾಸನ ಕೆತ್ತಿಸಲು ಜನ ಸಾಲುಗಟ್ಟಿ ಬರುತ್ತಾರೆ, ಅಗೆಯುವ ಹೊತ್ತಿಗೆ ಗುದ್ದಲಿ ಕೊಡುವವರೇ ಸಿಗುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ನಾನು ಎಲ್ಲಿ ಹೋದರೂ ಹೇಳುವ ಕಥೆ ಇದು.

1971. ಬಾಂಗ್ಲಾದೇಶದ ವಿಮೋಚನಾ ಯುದ್ಧ. ಲಕ್ಷಾಂತರ ಜನ ಗಡಿ ದಾಟಿ ಭಾರತಕ್ಕೆ ಬರುತ್ತಿದ್ದಾರೆ. ಪಶ್ಚಿಮ ಬಂಗಾಳದ ಬನಗಾಂವ್ ಎಂಬ ಗಡಿ ಊರಿನಲ್ಲಿ ನಿರಾಶ್ರಿತರ ಶಿಬಿರ. ಅಲ್ಲಿ ಕಾಲರಾ ಹಬ್ಬಿತು. ಆಗ ಕಾಲರಾಕ್ಕೆ ಸಾಮಾನ್ಯವಾಗಿ ಕೊಡುತ್ತಿದ್ದ ಚಿಕಿತ್ಸೆ ರಕ್ತನಾಳಕ್ಕೆ ಸಲೈನ್ ಹಾಕುವುದು. ಆದರೆ ಸಲೈನ್ ಬಾಟಲಿ ಸಾಲದು, ಸೂಜಿ ಚುಚ್ಚಲು ತರಬೇತಿ ಪಡೆದ ಕೈಗಳು ಸಾಲವು. ಕಲ್ಕತ್ತೆಯ ಸಂಶೋಧನಾ ಕೇಂದ್ರದಿಂದ ಅಲ್ಲಿಗೆ ಹೋದವರು ದಿಲೀಪ್ ಮಹಲನಬಿಸ್, ಮಕ್ಕಳ ವೈದ್ಯರು, ಆಗ ಮೂವತ್ತಾರು ವರ್ಷ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಅವರಿಗೆ ಸಲೈನ್ ಹಾಕಬೇಕೆಂದರೆ ವಾಂತಿ ಭೇದಿಯ ನಡುವೆಯೇ ಮಂಡಿಯೂರಿ ಕೂರಬೇಕಿತ್ತು ಎಂದು ಅವರು ಆಮೇಲೆ ನೆನಪಿಸಿಕೊಂಡಿದ್ದಾರೆ.

ಸಲೈನ್ ಮುಗಿಯುತ್ತಾ ಬಂತು. ಆಗ ಅವರು ಏನು ಮಾಡಿದರು ಗೊತ್ತೆ? ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅಷ್ಟೇ. ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಇದನ್ನು ತೂಗಿ ಪೊಟ್ಟಣ ಕಟ್ಟಿಸಿದರು. ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕಲಸಿ ಇಟ್ಟರು. ಕುಡಿಸುವ ಕೆಲಸ ರೋಗಿಯ ಮನೆಯವರಿಗೇ ಬಿಟ್ಟರು. ತಾಯಿ ಮಗುವಿಗೆ ಕುಡಿಸಿದಳು, ಅಣ್ಣ ತಮ್ಮನಿಗೆ ಕುಡಿಸಿದ. ಮೊದಲು ನೂರರಲ್ಲಿ ಮೂವತ್ತು ಜನ ಸಾಯುತ್ತಿದ್ದರು. ಈ ದ್ರಾವಣ ಕುಡಿಸಿದ ಕಡೆ ಅದು 3.6ಕ್ಕೆ ಇಳಿಯಿತು.

ಇನ್ನೊಮ್ಮೆ ಹೇಳುತ್ತೇನೆ. ಮೂವತ್ತರಿಂದ 3.6ಕ್ಕೆ. ಇಂದು ಓ.ಆರ್.ಎಸ್. ಎಂದು ನೀವು ಕೊಳ್ಳುವ ಪೊಟ್ಟಣದ ಚರಿತ್ರೆ ಇದು. ಅದರಿಂದ ಬದುಕಿದ ಜೀವಗಳು ಕೋಟಿಗಟ್ಟಲೆ, ಅದರಲ್ಲಿ ಹೆಚ್ಚಿನವು ಮಕ್ಕಳು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಧೈರ್ಯವಂತ ವೈದ್ಯ, ಉಪ್ಪು, ಸಕ್ಕರೆ, ಪವಾಡ! ಹಾಗೆ ಹೇಳಿದರೆ ನನಗೆ ಸ್ವಲ್ಪ ಬೇಸರವಾಗುತ್ತದೆ. ಪವಾಡ ಏನೂ ಅಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ ಯಾರೋ ಹಣ ಕೊಟ್ಟಿದ್ದರು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಕರುಳಿನ ಒಳಪದರವನ್ನು ನೋಡುತ್ತಾ, ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂ ಕೂಡ ಅದರ ಕೈ ಹಿಡಿದುಕೊಂಡೇ ಹೋಗುತ್ತದೆ ಎಂದು ವಿವರಿಸಿದ. ಸೋಡಿಯಂ ಹೋದ ಕಡೆ ನೀರು ಹೋಗುತ್ತದೆ. ಆ ದಿನ ಅದು ಯಾರಿಗೂ ಬೇಕಿಲ್ಲದ ವಿಷಯ! ಅದೇ ವರ್ಷ ಢಾಕಾದಲ್ಲಿ ಕಾಲರಾ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. 1968ರಲ್ಲಿ ಅಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ವೈದ್ಯರು, ಇಬ್ಬರೂ ಇನ್ನೂ ಮೂವತ್ತು ದಾಟಿರಲಿಲ್ಲ, ಕುಡಿಸುವ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಬಹುದು ಎಂದು ಸಹೋದ್ಯೋಗಿಗಳ ಜೊತೆ ತೋರಿಸಿದರು. ಮಹಲನಬಿಸ್ ಕೂಡ ಸಂಶೋಧನೆಗೆಂದೇ ಸಂಬಳ ಪಡೆಯುತ್ತಿದ್ದವರು. ಆದ್ದರಿಂದ ಯುದ್ಧ ಬಂದಾಗ ಅವರ ಕೈಯಲ್ಲಿ ಉತ್ತರ ಸಿದ್ಧವಿತ್ತು. ಆ ಹಣ ಮೊದಲೇ ಬಂದಿರದಿದ್ದರೆ ಡ್ರಮ್ಮಿನಲ್ಲಿ ಏನು ಕಲಸುತ್ತಿದ್ದರು?

ಇನ್ನು ಹಾರ ಯಾವಾಗ ಬಂತು ಕೇಳಿ. ಮಕ್ಕಳ ವೈದ್ಯಕೀಯ ಸಂಶೋಧನೆಗೆಂದೇ ಸ್ಥಾಪಿಸಿದ ಪೊಲಿನ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟದ್ದು 2002ರಲ್ಲಿ. ಮಹಲನಬಿಸ್, ನಾಲಿನ್, ನಾರ್ಬರ್ಟ್ ಹಿರ್ಷ್‌ಹಾರ್ನ್, ನಥಾನಿಯಲ್ ಪಿಯರ್ಸ್, ಕುಡಿಸುವ ದ್ರಾವಣಕ್ಕಾಗಿ ದುಡಿದ ಈ ನಾಲ್ವರಿಗೆ ಅದು ಸಂದಿತು. ಬನಗಾಂವ್ ಆಗಿ ಮೂವತ್ತೊಂದು ವರ್ಷ ಕಳೆದಿತ್ತು. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ. ಅವರು 2022ರ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು.

ಪ್ರಶಸ್ತಿ ಕೊಟ್ಟವರನ್ನು ನಾನು ದೂರುತ್ತಿಲ್ಲ. ಪೊಲಿನ್ ಪ್ರಶಸ್ತಿಯನ್ನು ಸ್ಥಾಪಿಸಿದ ದಂಪತಿ ಹೃದಯದ ಕಾಯಿಲೆಯಿಂದ ತಮ್ಮ ಇಬ್ಬರು ಮಕ್ಕಳನ್ನು ಕಳೆದುಕೊಂಡವರು. ಆ ಪ್ರಶಸ್ತಿಯ ಜೊತೆಗೆ ಯುವ ಸಂಶೋಧಕರೊಬ್ಬರಿಗೆ ಫೆಲೋಶಿಪ್ ಕೂಡ ಸಿಗುವಂತೆ ಮಾಡಿದರು. ಹಿರಿಯರ ಕೊರಳಿಗೆ ಹಾರ, ಕಿರಿಯರ ಕೈಗೆ ಹಣ. ಪ್ರಶಸ್ತಿ ಸ್ಥಾಪಿಸುವ ಆಲೋಚನೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಇದನ್ನು ನೋಡಿ ಕಲಿಯಿರಿ.

ಈ ಕಥೆಗೇ ಅರ್ಧ ಸಮಯ ಹೋಯಿತು. ಹೋಗಲಿ, ಅದು ಹೋಗಬೇಕಾದ ಸಮಯವೇ.

ಹಣ ಎಲ್ಲಿಂದ ಬರುತ್ತದೆ? ಎಲ್ಲರಿಂದಲೂ ಬರಬಹುದು. 1938ರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋಲಿಯೊ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನ ಶುರುಮಾಡಿದರು. ಅವರಿಗೇ ಆ ರೋಗ ಬಡಿದಿತ್ತು. ಜನ ಹತ್ತು ಸೆಂಟಿನ ನಾಣ್ಯಗಳನ್ನು ಅಂಚೆಯಲ್ಲಿ ಹಾಕಿ ಅಧ್ಯಕ್ಷರ ನಿವಾಸಕ್ಕೇ ಕಳಿಸಿದರು, ರಾಶಿ ರಾಶಿ. ಇಂಥ ಹಣದಿಂದ ಜೋನಾಸ್ ಸಾಕ್ ಎಂಬ ಯುವ ವಿಜ್ಞಾನಿ ಮೊದಲು ಮಾಡಿದ್ದು ಪೋಲಿಯೊ ವೈರಸ್ಸಿನಲ್ಲಿ ಎಷ್ಟು ಬಗೆ ಇವೆ ಎಂದು ವಿಂಗಡಿಸುವ ಕೆಲಸ. ಅದು ಬಹಳ ನೀರಸ ಕೆಲಸ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೆ ಅದಿಲ್ಲದೆ ಲಸಿಕೆ ಇಲ್ಲ. 1954ರಲ್ಲಿ ಹದಿನೆಂಟು ಲಕ್ಷ ಮಕ್ಕಳು ಲಸಿಕೆಯ ಪರೀಕ್ಷೆಯಲ್ಲಿ ಪಾಲ್ಗೊಂಡರು. 1955ರ ಏಪ್ರಿಲ್ 12ರಂದು ಅದು ಕೆಲಸ ಮಾಡುತ್ತದೆ ಎಂದು ಘೋಷಿಸಿದರು. ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಾಕ್ ಅವರಿಗೆ ಬಂದದ್ದು 1956ರಲ್ಲಿ. ನೋಡಿದಿರಾ ಕ್ರಮವನ್ನು? ನಾಣ್ಯ ಮೊದಲು, ಪದಕ ಆಮೇಲೆ.

ದೊಡ್ಡವರ ಕಾಯಿಲೆಗೆ ಸಿಗುವಷ್ಟು ಹಣ ಮಕ್ಕಳ ಕಾಯಿಲೆಗೆ ಯಾಕೆ ಸಿಗುವುದಿಲ್ಲ ಎಂದು ಕೇಳುತ್ತಾರೆ. ಮಕ್ಕಳ ಔಷಧಕ್ಕೆ ಮಾರುಕಟ್ಟೆ ಚಿಕ್ಕದು. ಮಗುವಿಗೆ ಮತ ಇಲ್ಲ, ಮಗು ಅರ್ಜಿ ಬರೆಯುವುದಿಲ್ಲ. ಜೊತೆಗೆ ಮಕ್ಕಳ ಅಧ್ಯಯನಕ್ಕೆ ಕಾಲ ಬೇಕು. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ಇಂದು ಕೊಟ್ಟ ಔಷಧ ಅದರ ಓದು, ಮಾತು, ಶ್ವಾಸಕೋಶಕ್ಕೆ ಏನು ಮಾಡಿತು ಎಂದು ತಿಳಿಯಲು ಕೂಸು ಶಾಲೆಗೆ ಹೋಗುವ ತನಕ ಕಾಯಬೇಕು. ಅನುದಾನ ಮಾತ್ರ ಎರಡೋ ಮೂರೋ ವರ್ಷಕ್ಕೆ ಮುಗಿಯುತ್ತದೆ. ಮಗು ನಡೆಯಲು ಕಲಿಯುವ ಹೊತ್ತಿಗೆ ಪ್ರಾಜೆಕ್ಟ್ ಮುಚ್ಚಿರುತ್ತದೆ!

ನಾನು ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ಒಂದು ಸಮಿತಿಯಲ್ಲಿ ಒಬ್ಬಳು ಹುಡುಗಿ ನವಜಾತ ಶಿಶುಗಳ ಸೋಂಕಿನ ಬಗ್ಗೆ ಬಹಳ ಒಳ್ಳೆಯ ಪ್ರಪೋಸಲ್ ತಂದಿದ್ದಳು. ‘ಪ್ರಾಥಮಿಕ ಫಲಿತಾಂಶ ಎಲ್ಲಿ?’ ಎಂದು ಕೇಳಿದರು. ಹಣ ಇದ್ದರೆ ತಾನೇ ಫಲಿತಾಂಶ? ಈಜು ಕಲಿತ ಮೇಲೆ ನೀರಿಗೆ ಇಳಿ ಅಂದ ಹಾಗಾಯಿತು. ಆಮೇಲೆ ವಯಸ್ಸು ನೋಡಿದರು. ಎರಡು ಹೆರಿಗೆ, ನಡುವೆ ನಾಲ್ಕು ವರ್ಷ ಕೆಲಸ ಬಿಟ್ಟಿದ್ದಾಳೆ, ಮಿತಿ ದಾಟಿದೆ ಎಂದರು. ಮಕ್ಕಳ ಆರೋಗ್ಯಕ್ಕೆ ಕೊಡುವ ಹಣವನ್ನು, ಮಕ್ಕಳನ್ನು ಹೆತ್ತಳು ಎಂಬ ಕಾರಣಕ್ಕೆ ತಡೆದರು. ನಾನು ಅಂದು ಜೋರಾಗಿಯೇ ಮಾತನಾಡಿದೆ, ಆದರೂ ಆಗಲಿಲ್ಲ. ಈಗ ಅನೇಕ ಕಡೆ ಹೆರಿಗೆ ರಜೆಯ ವರ್ಷಗಳನ್ನು ಲೆಕ್ಕದಿಂದ ಬಿಡುತ್ತಾರೆ. ಅರ್ಜಿಯ ನಿಯಮಗಳಲ್ಲಿ ಆ ಸಾಲು ಇದೆಯೇ ಎಂದು ಹುಡುಕಿ, ಇದ್ದರೆ ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಸ್ಟುಡಿಯೊದ ಗಾಜಿನ ಆಚೆಯಿಂದ ಸಮಯವಾಯಿತು ಎಂದು ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ.

ದೊಡ್ಡ ಅನುದಾನಕ್ಕೆ ಮೊದಲೇ ಕೈ ಹಾಕಬೇಡಿ. ವೃತ್ತಿಯ ಆರಂಭದಲ್ಲಿ ಇರುವವರಿಗೆಂದೇ ಸಣ್ಣ ಅನುದಾನಗಳಿವೆ. ಮಕ್ಕಳ ಕಾಯಿಲೆಗಳ ಸಂಶೋಧನೆಗೆಂದೇ 1977ರಲ್ಲಿ ಶುರುವಾದ ಥ್ರಾಷರ್ ರಿಸರ್ಚ್ ಫಂಡ್ ಅಂಥದ್ದನ್ನು ಕೊಡುತ್ತದೆ. ಇಂಥವು ಬೇರೆಯೂ ಇವೆ, ಹುಡುಕಿ. ನನ್ನ ಮೊದಲ ಅನುದಾನದಲ್ಲಿ ಬಂದದ್ದು ಕೂಸುಗಳನ್ನು ತೂಗುವ ಒಂದು ಯಂತ್ರ, ಒಬ್ಬ ಸಹಾಯಕಿಯ ಆರು ತಿಂಗಳ ಸಂಬಳ. ಅಷ್ಟರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ಅರ್ಜಿಯಲ್ಲಿ ಒಂದೇ ಪ್ರಶ್ನೆ ಇರಲಿ. ಐದು ಪ್ರಶ್ನೆ ಇದ್ದರೆ ಓದುವವರು ಐದಕ್ಕೂ ಇಲ್ಲ ಅನ್ನುತ್ತಾರೆ. ಆ ಪ್ರಶ್ನೆಯನ್ನು ವಾರ್ಡಿನಲ್ಲಿರುವ ಒಬ್ಬ ತಾಯಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದಿದ್ದರೆ ಇನ್ನೊಮ್ಮೆ ಬರೆಯಿರಿ. ಬಜೆಟ್ಟಿನಲ್ಲಿ ಯಂತ್ರಕ್ಕಿಂತ ಮೊದಲು ಮನುಷ್ಯರನ್ನು ಬರೆಯಿರಿ. ಸಂಶೋಧನಾ ನರ್ಸ್ ಬೇಕು, ಮನೆ ಮನೆಗೆ ಹೋಗಿ ಮಗುವನ್ನು ಮತ್ತೆ ನೋಡಿ ಬರುವವರು ಬೇಕು. ಅವರಿಲ್ಲದೆ ಅರ್ಧ ಮಕ್ಕಳು ಅಧ್ಯಯನದಿಂದ ಕಳೆದುಹೋಗುತ್ತಾರೆ. ಸಂಖ್ಯಾಶಾಸ್ತ್ರಜ್ಞರನ್ನು ಕೊನೆಗೆ ಕರೆಯಬೇಡಿ, ಮೊದಲೇ ಕರೆಯಿರಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ವಿಭಾಗದ ಮುಖ್ಯಸ್ಥರಿಂದ ವಾರಕ್ಕೆ ಎರಡು ದಿನ ಸಂಶೋಧನೆಗೆ ಬಿಡುತ್ತೇನೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಹಣ ಇದ್ದೂ ಹೊತ್ತು ಇಲ್ಲದೆ ನಿಂತುಹೋದ ಕೆಲಸಗಳನ್ನು ನಾನು ಬಹಳ ನೋಡಿದ್ದೇನೆ.

ವಿಭಾಗದ ಮುಖ್ಯಸ್ಥರು ಯಾರಾದರೂ ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ದಯವಿಟ್ಟು ಆ ಎರಡು ದಿನ ಬಿಡಿ.

1990ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. 2022ರಲ್ಲಿ ಅದು 49 ಲಕ್ಷ. ಅದರಲ್ಲಿ ಸುಮಾರು ಅರ್ಧದಷ್ಟು ಹುಟ್ಟಿದ ಮೊದಲ ತಿಂಗಳಲ್ಲೇ ತೀರಿಕೊಂಡವು. ಆ ಮೊದಲ ತಿಂಗಳ ಬಗ್ಗೆ ನಮಗೆ ಗೊತ್ತಿಲ್ಲದ್ದು ಇನ್ನೂ ಬಹಳ ಇದೆ. ರಾತ್ರಿ ಪಾಳಿ ಮುಗಿಸಿ ಕೂತಿರುವ ತಾಯೀ, ನಿನ್ನನ್ನು ಮಲಗಲು ಬಿಡದ ಆ ಪ್ರಶ್ನೆಯನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡು. ಸಣ್ಣ ಅನುದಾನವೊಂದರ ಕೊನೆಯ ದಿನಾಂಕ ಯಾವುದು ಎಂದು ನೋಡಿ, ಅದನ್ನು ಆ ಹಾಳೆಯ ಮೇಲ್ತುದಿಯಲ್ಲಿ ಬರೆ. ಮೊದಲ ಸಲ ತಿರಸ್ಕಾರದ ಪತ್ರ ಬಂದರೆ, ಅದರಲ್ಲಿರುವ ಟೀಕೆಗಳನ್ನು ತಿದ್ದಿಕೊಂಡು ಅದೇ ಅರ್ಜಿಯನ್ನು ಮುಂದಿನ ಸುತ್ತಿಗೆ ಕಳಿಸು.

ನಮಸ್ಕಾರ.