ಎಂಟು ರೋಗಿಗಳಿಗೆ ಒಂದು ಕಕ್ಕಸು

ಅಮೆರಿಕದ ಫೆಡರಲ್ (ಅಂದರೆ ಕೇಂದ್ರದ) ಜಿಲ್ಲಾ ನ್ಯಾಯಾಧೀಶ ಅಂದ ಕೂಡಲೇ ನಮ್ಮ ಜಿಲ್ಲಾ ನ್ಯಾಯಾಧೀಶರನ್ನು ನೆನೆಸಿಕೊಳ್ಳಬೇಡಿ. ನಮ್ಮವರಿಗೆ ವರ್ಗಾವಣೆ ಉಂಟು, 60ಕ್ಕೆ ನಿವೃತ್ತಿ. ಅಲ್ಲಿ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಹುದ್ದೆ ಜೀವಾವಧಿಗೆ. ಸಂಬಳಕ್ಕೆ ಯಾರೂ ಕೈ ಹಾಕುವಂತಿಲ್ಲ. ಈ ರಕ್ಷಣೆ ಯಾಕೆ ಬೇಕು ಅನ್ನುವುದು ಅಂಥ ಒಬ್ಬ ನ್ಯಾಯಾಧೀಶ ಫ್ರಾಂಕ್ ಎಂ. ಜಾನ್ಸನ್ ಅವರ ವೃತ್ತಿಯನ್ನು ನೋಡಿದರೆ ತಿಳಿಯುತ್ತದೆ.

ದಕ್ಷಿಣದ ಅಲಬಾಮಾ ರಾಜ್ಯದ ವಿನ್‌ಸ್ಟನ್ ಕೌಂಟಿಯವರು, ಹುಟ್ಟಿದ್ದು 1918ರಲ್ಲಿ. 1955ರಲ್ಲಿ ಜಾನ್ಸನ್ ಅವರನ್ನು ಅಧ್ಯಕ್ಷ ಐಸೆನ್‌ಹೋವರ್ ಅಲಬಾಮಾದ ರಾಜಧಾನಿ ಮಾಂಟ್‌ಗೊಮರಿಗೆ ನೇಮಿಸಿದರು. ಮರುವರ್ಷವೇ ಬಸ್ ಪ್ರಕರಣ: ಮೂವರ ಪೀಠ 2–1ರಿಂದ ಬಸ್‌ಗಳಲ್ಲಿನ ವರ್ಣಭೇದವನ್ನು ರದ್ದು ಮಾಡಿತು, ಜಾನ್ಸನ್ ಬಹುಮತದ ಕಡೆ. ಎಡವಿದ್ದೂ ಉಂಟು. ಕಪ್ಪು ಮತದಾರರನ್ನು ಹೊರಗಿಡಲು ಟಸ್ಕೆಗೀ ಊರಿನ ಚೌಕಾಕಾರದ ಗಡಿಯನ್ನು 28 ಬದಿಯ ವಿಚಿತ್ರ ಆಕೃತಿ ಮಾಡಿದ್ದರ ವಿರುದ್ಧದ ದಾವೆಯನ್ನು ಅವರು ವಜಾ ಮಾಡಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು.

ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಮಾಂಟ್‌ಗೊಮರಿಗೆ ಹೊರಟ 1965ರ ಪಾದಯಾತ್ರೆಗೆ ಅನುಮತಿ ಕೊಟ್ಟಾಗಲೂ ಅವರು ಬರೀ 'ನಡೆಯಿರಿ' ಅನ್ನಲಿಲ್ಲ. ಹೆದ್ದಾರಿ ಎರಡೇ ಲೇನ್ ಆಗುವ ಕಡೆ 300 ಮಂದಿ ಮೀರಬಾರದು ಎಂದು ಆದೇಶದಲ್ಲೇ ಬರೆದಿತ್ತು. ಈ ಲೆಕ್ಕದ ಬುದ್ಧಿ ಪೂರ್ತಿ ಕಾಣುವುದು ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯ ದಾವೆಯಲ್ಲಿ.

ಆಸ್ಪತ್ರೆಗೆ ಹಣ ಒದಗಿಸುತ್ತಿದ್ದ ಸಿಗರೇಟ್ ತೆರಿಗೆಯ ಆದಾಯ ಇಳಿದು 99 ನೌಕರರನ್ನು ತೆಗೆದರು. ಅವರ ಮತ್ತು ರೋಗಿಗಳ ಪರವಾಗಿ 1970ರಲ್ಲಿ ದಾವೆ ಬಂತು. ಸುಮಾರು 5,000 ರೋಗಿಗಳು. ಒಬ್ಬ ರೋಗಿಯ ಊಟಕ್ಕೆ ದಿನಕ್ಕೆ 50 ಸೆಂಟೂ ಖರ್ಚಾಗುತ್ತಿರಲಿಲ್ಲ. ಜಾನ್ಸನ್ ನೌಕರಿಯ ಪ್ರಶ್ನೆ ಬದಿಗಿಟ್ಟು, ಬಲವಂತದಿಂದ ಒಳಗಿಟ್ಟವರಿಗೆ ಚಿಕಿತ್ಸೆ ಪಡೆಯುವ ಹಕ್ಕಿದೆ ಎಂದು 1971ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟರು. ಸರಿಪಡಿಸಿಕೊಳ್ಳಿ ಎಂದು ರಾಜ್ಯಕ್ಕೆ ಆರು ತಿಂಗಳ ಗಡುವು. ರಾಜ್ಯ ತಂದ ಯೋಜನೆ ಸಾಲದೆ ಹೋದಾಗ ತಜ್ಞರ ಸಾಕ್ಷ್ಯ ಕೇಳಿ, 1972ರ ಏಪ್ರಿಲ್‌ನಲ್ಲಿ ತಾವೇ ಮಾನದಂಡ ಬರೆದರು: ಎಂಟು ರೋಗಿಗಳಿಗೆ ಒಂದು ಕಕ್ಕಸು, 15 ಮಂದಿಗೊಂದು ಸ್ನಾನದ ಷವರ್, ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ರೋಗಿಗಳು ಕೂಡದು, 250 ರೋಗಿಗಳಿಗೆ ಇಬ್ಬರು ಮನೋವೈದ್ಯರು, 12 ನರ್ಸ್‌ಗಳು.

ಇಷ್ಟು ಸೂಕ್ಷ್ಮ ಯಾಕೆ? 'ಸಮರ್ಪಕ ಆರೈಕೆ ಕೊಡಿ' ಎಂದು ಬರೆದರೆ ಇಲಾಖೆ ಕೊಟ್ಟಿದ್ದೇವೆ ಅನ್ನುತ್ತದೆ. ನ್ಯಾಯಾಂಗ ನಿಂದನೆ ಸಾಬೀತಾಗುವುದಿಲ್ಲ. ಕಕ್ಕಸನ್ನಾದರೆ ಎಣಿಸಬಹುದು. ಆದರೆ ಅನುಪಾತಕ್ಕೂ ಒಂದು ಕಳ್ಳದಾರಿ ಇದೆ. ನರ್ಸ್‌ಗಳನ್ನು ಹೆಚ್ಚಿಸದೆ ರೋಗಿಗಳನ್ನು ಇಳಿಸಿದರೂ ಲೆಕ್ಕ ಕೂಡಿಬರುತ್ತದೆ. ಬ್ರೈಸ್‌ನಲ್ಲಿ ರೋಗಿಗಳ ಸಂಖ್ಯೆ ಬೇಗ ಇಳಿಯಿತು. ಹೊರಹೋದವರಿಗೆ ಊರಿನಲ್ಲಿ ಆರೈಕೆ ಸಿಕ್ಕಿತೇ ಎಂದು ನೋಡಲು ಆ ಪಟ್ಟಿಯ ಅಂಕಿಗಳು ಸಾಲವು.

ಜಾನ್ಸನ್ ಮನೆಯವರೂ ಬೆಲೆ ತೆತ್ತರು: 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು. 1979ರಲ್ಲಿ ಜಾನ್ಸನ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು, 1999ರಲ್ಲಿ ತೀರಿಕೊಂಡರು. ಬ್ರೈಸ್ ದಾವೆ ಮುಗಿದದ್ದು 2003ರಲ್ಲಿ, ಬೇರೊಬ್ಬ ನ್ಯಾಯಾಧೀಶರ ಕೈಯಲ್ಲಿ.