ಸಾಸಿವೆ ಹಿಂಡಿ: ಘಾಟು ಇದ್ದರೆ ಮಾತ್ರ ಔಷಧಿ

ಎಲ್ಲರಿಗೂ ನಮಸ್ಕಾರ. ಬೇವಿನ ಹಿಂಡಿ, ಹೊಂಗೆ ಹಿಂಡಿ ವಿಷಯ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಇವತ್ತಿನ ಮಾತು ಸಾಸಿವೆ ಹಿಂಡಿಯದು. ನಾವು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಒಂದಿಷ್ಟು ಸಾಸಿವೆ ಬೆಳೆಯುತ್ತೇವೆ ಅಷ್ಟೆ. ಹಿಂಡಿ ಬರುವುದು ಉತ್ತರದ ಕಡೆಯಿಂದ. "ಗೊಬ್ಬರಕ್ಕೂ ಆಯ್ತು, ಹುಳಕ್ಕೂ ಆಯ್ತು" ಅಂತ ಹೇಳಿ ಮಾರುತ್ತಾರೆ. ಮೊದಲನೆಯದು ಪೂರ್ತಿ ನಿಜ. ಎರಡನೆಯದು ನಿಜವೋ ಸುಳ್ಳೋ ಅನ್ನುವುದು ಆ ಹಿಂಡಿಗೆ ಬಿಸಿ ತಗುಲಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ಗೊಬ್ಬರದ ಲೆಕ್ಕ ಬೇಗ ಮುಗಿಸುತ್ತೇನೆ. 100 ಕೆಜಿ ಹಿಂಡಿಯಲ್ಲಿ ಸುಮಾರು 5 ಕೆಜಿ ಸಾರಜನಕ ಇರುತ್ತದೆ. ರಂಜಕ 2 ಕೆಜಿಗೆ ಹತ್ತಿರ, ಪೊಟ್ಯಾಷ್ 1 ಕೆಜಿಗೆ ಸ್ವಲ್ಪ ಮೇಲೆ. 45 ಕೆಜಿಯ ಒಂದು ಯೂರಿಯಾ ಚೀಲದ ಸಾರಜನಕ ಬೇಕಾದರೆ 4 ಕ್ವಿಂಟಾಲ್ ಹಿಂಡಿ ಹಾಕಬೇಕು. ಆದರೆ ಇದು ನಿಧಾನವಾಗಿ ಸಿಗುತ್ತದೆ, ಮಣ್ಣಿಗೂ ಒಳ್ಳೆಯದು.

ಈಗ ಹುಳದ ಮಾತು. ಅಡುಗೆ ಮಾಡುವವರಿಗೆಲ್ಲ ಇದು ಗೊತ್ತು. ಒಗ್ಗರಣೆಯ ಸಾಸಿವೆ ಎಷ್ಟು ಅಗಿದರೂ ಮೂಗಿಗೆ ಏರುವುದಿಲ್ಲ. ಅದೇ ಸಾಸಿವೆಯನ್ನು ಹಸಿಯಾಗಿ ನೀರು ಹಾಕಿ ಅರೆದರೆ ಕಣ್ಣಲ್ಲಿ ನೀರು ಬರುತ್ತದೆ, ಅಲ್ವಾ? ಕಾಳಿನೊಳಗೆ ಗ್ಲುಕೋಸಿನೊಲೇಟ್ ಅನ್ನುವ, ಘಾಟಿಗೆ ಮೂಲವಾದ ವಸ್ತು ಬೇರೆ ಇರುತ್ತದೆ, ಮೈರೋಸಿನೇಸ್ ಅನ್ನುವ ಕಿಣ್ವ ಬೇರೆ ಇರುತ್ತದೆ. ಕಾಳು ಒಡೆದು ನೀರು ತಗುಲಿದಾಗ ಎರಡೂ ಸೇರಿ ಅಲೈಲ್ ಐಸೋಥಯೋಸಯನೇಟ್ ಅನ್ನುವ, ಅನಿಲವಾಗಿ ಹಾರುವ ಘಾಟಿನ ವಸ್ತು ಆಗುತ್ತದೆ. ಆ ಘಾಟೇ ನಮಗೆ ಬೇಕಾದ ಔಷಧಿ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳ, ಬೇರು ಕೊಳೆಸುವ ಶಿಲೀಂಧ್ರ, ಎರಡನ್ನೂ ಅದು ಹೊಡೆಯುತ್ತದೆ. ಜಾಸ್ತಿ ಬಿಸಿ ತಗುಲಿದರೆ ಕಿಣ್ವ ಸಾಯುತ್ತದೆ. ಆಮೇಲೆ ಘಾಟು ಎಲ್ಲಿಂದ ಬರಬೇಕು?

ಇಲ್ಲಿ ಎರಡು ಲೋಟ ಇಟ್ಟಿದ್ದೇನೆ. ಒಂದರಲ್ಲಿ ಗಾಣದ ಹಿಂಡಿ, ಇನ್ನೊಂದರಲ್ಲಿ ರಾಸಾಯನಿಕದಿಂದ ಎಣ್ಣೆ ತೆಗೆದು, ಬಿಸಿ ಮಾಡಿದ ಹಿಂಡಿ. ಎರಡಕ್ಕೂ ತಣ್ಣೀರು ಹಾಕಿ ಕಲಸಿದ್ದೇನೆ. ಮುಂದಿನ ಸಾಲಿನ ಯಜಮಾನರೇ, ಸ್ವಲ್ಪ ಮೂಸಿ ನೋಡಿ. ಹುಷಾರು, ಹತ್ತಿರ ಹಿಡಿಯಬೇಡಿ! ನೋಡಿ, ಟವೆಲ್ ತೆಗೆದರು. ಈಗ ಎರಡನೆಯದು. ಏನೂ ಇಲ್ಲ, ಬರೀ ಹಿಂಡಿ ವಾಸನೆ. ಎರಡೂ ಚೀಲದ ಮೇಲೆ ಬರೆದಿರುವುದು ಒಂದೇ: ಸಾಸಿವೆ ಹಿಂಡಿ. ನನ್ನ ಸಂಕಟ ಇದೇ. ಗಾಣದಲ್ಲೂ ನೀರು ಚಿಮುಕಿಸುವುದರಿಂದ ಸ್ವಲ್ಪ ಘಾಟು ಎಣ್ಣೆಗೆ ಹೋಗಿರುತ್ತದೆ. ಹಾಗಾಗಿ ಮಾರುವವರ ಮಾತಿಗಿಂತ ನಿಮ್ಮ ಮೂಗನ್ನು ನಂಬಿ.

ನಮ್ಮ ಪಕ್ಕದ ತೋಟದವರೊಬ್ಬರು ಒಳ್ಳೆಯ ಘಾಟಿನ ಹಿಂಡಿಯನ್ನೇ ತಂದರು. ಸಂಜೆ ಟೊಮ್ಯಾಟೊ ಸಸಿ ಮಡಿಗೆ ಬೆರೆಸಿ ನೀರು ಬಿಟ್ಟರು. ಬೆಳಿಗ್ಗೆ ಎದ್ದು ಬೀಜ ಹಾಕಿದರು. ಒಂದು ಮೊಳಕೆಯೂ ಏಳಲಿಲ್ಲ. ನೇರವಾಗಿ ಬೀಜದ ಅಂಗಡಿಗೆ ಹೋಗಿ ಜಗಳ ತೆಗೆದರು. ಅಂಗಡಿಯವರೂ ಬಿಡಲಿಲ್ಲ, ಊರವರೆಲ್ಲ ಸೇರಿದರು. ಕೊನೆಗೆ ಉಳಿದ ಬೀಜವನ್ನು ಸಾದಾ ಮಣ್ಣಿನ ಕುಂಡಕ್ಕೆ ಹಾಕಿಸಿದೆ. ವಾರದಲ್ಲಿ ಒತ್ತಾಗಿ ಹುಟ್ಟಿತು. ಘಾಟಿಗೆ ಹುಳ ಯಾವುದು, ಬೀಜ ಯಾವುದು ಅಂತ ಗೊತ್ತಾಗುವುದಿಲ್ಲ. ಮೂರು ವಾರ ಬಿಟ್ಟು ಅದೇ ಮಡಿಗೆ ಮತ್ತೆ ಬಿತ್ತಿದರು. ಆ ಸಲ ಬುಡ ಕೊಳೆತು ಮಲಗಿದ ಸಸಿ ಹುಡುಕಬೇಕಿತ್ತು. ಅಂಗಡಿಯವರ ಜೊತೆಗೂ ಈಗ ಮಾತಿದೆ.

ಆದ್ದರಿಂದ ಕ್ರಮ ಹೀಗಿರಲಿ. ಹಿಂಡಿಯನ್ನು ನುಣ್ಣಗೆ ಪುಡಿ ಮಾಡಿ, ಮಣ್ಣಿನಲ್ಲಿ ಬೆರೆಸಿ, ತಕ್ಷಣ ನೀರು ಕೊಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿ. ಅನಿಲ ಹಾರಿಹೋದರೆ ದುಡ್ಡು ಹಾರಿಹೋದ ಹಾಗೆ. ಆಮೇಲೆ ಎರಡು ಮೂರು ವಾರ ಬಿತ್ತನೆ, ನಾಟಿ ಬೇಡ. ಎರೆಹುಳು ತೊಟ್ಟಿಯ ಹತ್ತಿರವಂತೂ ತರಲೇಬೇಡಿ. ಎರೆಹುಳು ಎಣಿಸುವ ವಿಜ್ಞಾನಿಗಳು ಸಾಸಿವೆ ನೀರು ಸುರಿದೇ ಅವನ್ನು ಮೇಲಕ್ಕೆ ಎಬ್ಬಿಸುತ್ತಾರೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಳೆಯ ಸೇಬಿನ ಗಿಡ ಕಿತ್ತ ಜಾಗದಲ್ಲಿ ಹೊಸ ಗಿಡ ಸರಿಯಾಗಿ ಏಳುವುದಿಲ್ಲ. ಅಲ್ಲಿ ವಿಜ್ಞಾನಿ ಮಾರ್ಕ್ ಮಜೋಲಾ ಮತ್ತು ಸಂಗಡಿಗರು ಕಂದು ಸಾಸಿವೆ, ಬಿಳಿ ಸಾಸಿವೆ ಎರಡರ ಹಿಂಡಿ ಬೆರೆಸಿ ಹಾಕಿ ಒಳ್ಳೆಯ ಫಲ ಕಂಡರು. ಆದರೆ ಅದು ಎಕರೆಗೆ ಟನ್‌ಗಟ್ಟಲೆ ಹಿಂಡಿ. ಎಕರೆಗೆ 1 ಟನ್ ಅಂದರೆ ಚದರ ಮೀಟರಿಗೆ ಸುಮಾರು 250 ಗ್ರಾಂ. ಇಡೀ ಹೊಲಕ್ಕೆ ಅಷ್ಟು ಖರ್ಚು ನಮ್ಮ ಕೈಲಿ ಆಗುವುದಿಲ್ಲ. ಸಸಿ ಮಡಿಗೆ, ನೆಡುವ ಗುಂಡಿಗೆ, ತಾರಸಿ ಕುಂಡಕ್ಕೆ ಆಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಆಯ್ತು ಸಾರ್. ಕಳೆಯ ವಿಷಯ ಉಳಿಯಿತು. ಇನ್ನೊಂದು ಮಾತು ಮಾತ್ರ. ಪೂಸಾ ಡಬಲ್ ಜೀರೋ 31ರಂಥ ಸಾಸಿವೆ ತಳಿಗಳಲ್ಲಿ ಗ್ಲುಕೋಸಿನೊಲೇಟನ್ನೇ ಕಡಿಮೆ ಮಾಡಿದ್ದಾರೆ. ದನಕ್ಕೆ ಆ ಹಿಂಡಿ ಒಳ್ಳೆಯದು, ಹುಳಕ್ಕೆ ಅದರಿಂದ ಏನೂ ಆಗದು. ಅದಕ್ಕೇ ತಳಿ ಯಾವುದು, ಬಿಸಿ ತಗುಲಿದೆಯೋ ಇಲ್ಲವೋ, ಎರಡನ್ನೂ ಚೀಲದ ಮೇಲೆ ಬರೆಯಬೇಕು ಅಂತ ಕೃಷಿ ಇಲಾಖೆಗೆ ಒಂದು ಮನವಿ ಬರೆದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ ಹೋಗಿ. ನಮಸ್ಕಾರ.